ಪೆನಿಸಿಲಿನ್ ಮೈಯಲ್ಲಿ ನೆಲೆನಿಂತ ಕಥೆ

ಪೆನಿಸಿಲಿನ್ನಿನ ಚರಿತ್ರೆಯನ್ನು ನಮ್ಮ ಪಾಠಪುಸ್ತಕಗಳು ಸಾಮಾನ್ಯವಾಗಿ ಎರಡು ಚಿತ್ರಗಳಲ್ಲಿ ಹೇಳಿ ಮುಗಿಸುತ್ತವೆ. ೧೯೨೮ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರ ಗಾಜಿನ ತಟ್ಟೆಯೊಂದರ ಮೇಲೆ ಬೂಷ್ಟು ಬೆಳೆದುದು ಒಂದು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಆ ಬೂಷ್ಟಿನ ಸತ್ವದಿಂದ ಬದುಕಿ ಉಳಿದುದು ಇನ್ನೊಂದು. ಎರಡೂ ನಿಜವೇ. ಆದರೆ ಇವುಗಳ ನಡುವೆಯೂ ಆಚೆಗೂ ಹಬ್ಬಿರುವ ಮೂರನೆಯ ಕಥೆಯೊಂದುಂಟು. ಅದನ್ನು ಮಕ್ಕಳಿಗೆ ಹೇಳುವವರು ವಿರಳ. ಮದ್ದು ಕ್ರಿಮಿಯನ್ನು ಕೊಲ್ಲುವುದೆಂದು ತಿಳಿದ ಮೇಲೂ, ಆ ಮದ್ದನ್ನು ಮನುಷ್ಯನ ಮೈಯಲ್ಲಿ ನಿಲ್ಲಿಸುವುದಕ್ಕಾಗಿ ವಿಜ್ಞಾನಿಗಳು ಮತ್ತೆ ಹತ್ತು ವರ್ಷ ಹೆಣಗಬೇಕಾಯಿತು. ದೊಡ್ಡ ಆಸ್ಪತ್ರೆಯ ಮದ್ದಾಗಿದ್ದ ಪೆನಿಸಿಲಿನ್ ಕಾಡಿನಂಚಿನ ಹಳ್ಳಿಯ ಮದ್ದಾದುದು ಈ ಹೆಣಗಾಟದ ಫಲವಾಗಿ. ಪ್ರಕೃತ ಲೇಖನದಲ್ಲಿ ನಾವು ಹೇಳಹೊರಟಿರುವುದು ಇದನ್ನೇ.

೧೯೪೧ನೆಯ ಇಸವಿ ಫೆಬ್ರುವರಿ ೧೨ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ೪೩ ವರ್ಷ ವಯಸ್ಸಿನ ಪೊಲೀಸನಿಗೆ ಡಾ. ಚಾರ್ಲ್ಸ್ ಫ್ಲೆಚರರು ಪೆನಿಸಿಲಿನ್ ಚುಚ್ಚಿದರು. ಶೋಧಿಸಿ ತೆಗೆದ ಪೆನಿಸಿಲಿನ್ನನ್ನು ರಕ್ತಕ್ಕೆ ಕೊಟ್ಟು ಗುಣಪಡಿಸಲೆತ್ನಿಸಿದ ಮೊದಲ ರೋಗಿ ಈತ. ಗುಲಾಬಿಯ ಮುಳ್ಳು ಗೀರಿ ಗಾಯವಾಯಿತೆಂಬ ಕಥೆ ಬಹುಕಾಲದಿಂದ ಪ್ರಚಲಿತವಾಗಿದೆ; ಬಾಂಬು ದಾಳಿಯಲ್ಲಾದ ಗಾಯವೆಂದು ಈಚಿನವರು ಹೇಳುತ್ತಾರೆ. ಏನೇ ಇರಲಿ, ಕೀವು ಮುಖವನ್ನೆಲ್ಲ ವ್ಯಾಪಿಸಿ, ಒಂದು ಕಣ್ಣನ್ನು ಕಳೆದುಕೊಂಡು ಆತ ಸಾವಿನಂಚಿನಲ್ಲಿದ್ದುದಂತೂ ದಿಟ. ಮೂರು ಮೂರು ಗಂಟೆಗೊಮ್ಮೆ ಮದ್ದು ಕೊಡುತ್ತ ಬಂದಂತೆ ಒಂದೇ ದಿನದಲ್ಲಿ ಜ್ವರ ಇಳಿಯಿತು, ಹಸಿವು ಮರಳಿತು. ಆದರೆ ಐದು ದಿನಗಳಲ್ಲಿ ಮದ್ದೇ ತೀರಿಹೋಯಿತು.

ಆಗ ಆಕ್ಸ್‌ಫರ್ಡಿನ ಪ್ರಯೋಗಶಾಲೆಯಲ್ಲಿ ಹೋವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಇವರು ಪೆನಿಸಿಲಿನ್ನನ್ನು ತಯಾರಿಸುತ್ತಿದ್ದುದು ರೋಗಿಗಳ ಮಲಪಾತ್ರೆಯ ಮಾದರಿಯಲ್ಲಿ ಮಾಡಿಸಿದ ಮಣ್ಣಿನ ಪಾತ್ರೆಗಳಲ್ಲಿ. ಉತ್ಪತ್ತಿಯಾದುದು ಚಿಟಿಕೆಗಳ ಲೆಕ್ಕದಲ್ಲಿ. ಆದುದರಿಂದ ಆ ಪೊಲೀಸನ ಮೂತ್ರವನ್ನು ಸಂಗ್ರಹಿಸಿ, ಬೈಸಿಕಲ್ಲಿನ ಮೇಲೆ ಪ್ರಯೋಗಶಾಲೆಗೆ ಒಯ್ದು, ಅದರಲ್ಲಿ ಹೊರಬಿದ್ದಿದ್ದ ಪೆನಿಸಿಲಿನ್ನನ್ನು ಮತ್ತೆ ಶೋಧಿಸಿ, ಮತ್ತೆ ಅವನಿಗೇ ಚುಚ್ಚಿದರು. ಹೀಗೆ ಮಾಡಿಯೂ ಸಾಲಲಿಲ್ಲ. ರೋಗ ಮರುಕಳಿಸಿತು, ಮಾರ್ಚ್ ೧೫ರಂದು ಆತ ತೀರಿಕೊಂಡನು. ಬಳಿಕ ಅವರು ಚಿಕಿತ್ಸೆಗೆ ಹೆಚ್ಚಾಗಿ ಮಕ್ಕಳನ್ನು ಆರಿಸಿಕೊಂಡರು. ಚಿಕ್ಕ ಮೈಗೆ ಚಿಕ್ಕ ಪ್ರಮಾಣ ಸಾಕೆಂಬುದೇ ಕಾರಣ.

ಮೂತ್ರದಿಂದ ಮದ್ದನ್ನು ಮರಳಿ ಪಡೆದ ಈ ಪ್ರಸಂಗವನ್ನು ವಿಜ್ಞಾನಿಗಳ ಛಲಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ. ನಮಗೆ ಅದರಲ್ಲಿ ಬೇರೊಂದು ಸಂಗತಿ ಮುಖ್ಯವಾಗಿ ಕಾಣುತ್ತದೆ. ಅಷ್ಟು ಅಮೂಲ್ಯವಾದ ಮದ್ದು ಮೂತ್ರದಲ್ಲಿ ಏಕೆ ಇತ್ತು? ಮೂತ್ರಪಿಂಡಗಳು ಪೆನಿಸಿಲಿನ್ನನ್ನು ರಕ್ತದಿಂದ ಹೆಕ್ಕಿ ತೆಗೆದು ಹೊರಗೆ ತಳ್ಳುತ್ತವೆ. ಸೋಸಿ ಬಿಡುವುದಷ್ಟೇ ಅಲ್ಲ, ಹಿಡಿದು ಹಾಕಿದಂತೆ ಹೊರಹಾಕುತ್ತವೆ. ತೂತು ಬಿದ್ದ ಕೊಡಕ್ಕೆ ನೀರು ಸೇದಿ ಸುರಿದಂತೆ, ವೈದ್ಯನು ಮೇಲಿನಿಂದ ಎಷ್ಟು ಸುರಿದರೂ ಕೆಳಗಿನಿಂದ ಹರಿದುಹೋಗುತ್ತಿತ್ತು.

ಇದರ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ರಕ್ತದಲ್ಲಿರುವ ಪೆನಿಸಿಲಿನ್ ಸುಮಾರು ಅರ್ಧ ಗಂಟೆಗೆ ಅರ್ಧವಾಗುತ್ತದೆ. ಮೊದಲು ೬೪ ಪಾಲು ಇದ್ದಿತೆಂದು ಭಾವಿಸೋಣ. ಅರ್ಧ ಗಂಟೆಗೆ ೩೨, ಒಂದು ಗಂಟೆಗೆ ೧೬, ಒಂದೂವರೆಗೆ ೮. ಹೀಗೆ ಮೂರು ಗಂಟೆಯ ಹೊತ್ತಿಗೆ ಉಳಿಯುವುದು ಒಂದೇ ಪಾಲು. ಹಾಗಾದರೆ ಮದ್ದನ್ನು ಎರಡರಷ್ಟು ಕೊಟ್ಟರೆ ಎರಡರಷ್ಟು ಹೊತ್ತು ನಿಲ್ಲಬೇಕಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜ. ನಿಲ್ಲುವುದಿಲ್ಲ. ೧೨೮ ಪಾಲು ಕೊಟ್ಟರೆ ಅರ್ಧ ಗಂಟೆಯಲ್ಲಿ ಅದು ೬೪ಕ್ಕೆ ಇಳಿದು, ಮುಂದಕ್ಕೆ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಮದ್ದು ಇಮ್ಮಡಿಯಾದರೂ ದೊರೆತ ಲಾಭ ಬರಿಯ ಅರ್ಧ ಗಂಟೆ. ಮೂರು ಗಂಟೆಯ ಮದ್ದನ್ನು ಈ ಕ್ರಮದಿಂದ ಒಂದು ದಿನದ ಮದ್ದಾಗಿ ಮಾಡಬೇಕಾದರೆ ೪೨ ಸಲ ಇಮ್ಮಡಿಸಬೇಕು. ಅಂದರೆ ನಾಲ್ಕು ಲಕ್ಷ ಕೋಟಿ ಪಟ್ಟಿಗೂ ಮಿಗಿಲು! ಹೆಚ್ಚು ಕೊಡುವುದರಿಂದ ಈ ಕಷ್ಟ ಪರಿಹಾರವಾಗುವಂತಿರಲಿಲ್ಲ.

ಸ್ವಲ್ಪ ಹೊತ್ತು ನಿಂತರೂ ಸಾಕು, ಕ್ರಿಮಿಗಳು ಸಾಯವೇ ಎಂಬ ಪ್ರಶ್ನೆಯೂ ಏಳುತ್ತದೆ. ಪೆನಿಸಿಲಿನ್ ಕ್ರಿಮಿಯ ಹೊರಗೋಡೆಯನ್ನು ಕಟ್ಟಲು ಬಿಡದೆ ಕೊಲ್ಲುವ ಮದ್ದು. ಗೋಡೆ ಕಟ್ಟುವ ಕೆಲಸ ನಡೆಯುವುದು ಕ್ರಿಮಿ ಬೆಳೆಯುವಾಗ, ಒಡೆದು ಎರಡಾಗುವಾಗ. ಸುಮ್ಮನಿರುವ ಕ್ರಿಮಿಗೆ ಪೆನಿಸಿಲಿನ್ನಿನ ಭಯವಿಲ್ಲ. ರಕ್ತದಲ್ಲಿ ಮದ್ದು ಎಷ್ಟು ಎತ್ತರಕ್ಕೆ ಏರಿತೆಂಬುದಕ್ಕಿಂತ, ಬೇಕಾದ ಕನಿಷ್ಠ ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇದ್ದಿತೆಂಬುದೇ ಮುಖ್ಯವೆಂದು ಅಮೆರಿಕದ ಹ್ಯಾರಿ ಈಗಲ್ ಮತ್ತು ಸಂಗಡಿಗರು ೧೯೫೦ರ ಸುಮಾರಿಗೆ ಪ್ರಯೋಗಗಳಿಂದ ತೋರಿಸಿದರು. ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಬೇಕಾಗಿದ್ದುದು ಅಂಥದು, ಒಮ್ಮೆಗೇ ಸುರಿದ ಕೊಡವಲ್ಲ.

ಈ ನಡುವೆ ಅಮೆರಿಕದ ಕಾರ್ಖಾನೆಗಳಲ್ಲಿ ಪೆನಿಸಿಲಿನ್ ಹೇರಳವಾಗಿ ತಯಾರಾಗತೊಡಗಿತು. ಅದರ ವಿವರ ಇಲ್ಲಿ ಬೇಕಿಲ್ಲ. ಮದ್ದಿನ ಅಭಾವ ನೀಗಿದರೂ ಮೂರು ಗಂಟೆಯ ಕಟ್ಟಳೆ ಮಾತ್ರ ಹಾಗೆಯೇ ಉಳಿಯಿತು. ದಿನಕ್ಕೆ ಎಂಟು ಚುಚ್ಚು. ನಡುರಾತ್ರಿಗೊಂದು, ಮೂರು ಗಂಟೆಗೊಂದು, ಬೆಳಗಿನ ಜಾವ ಆರಕ್ಕೊಂದು. ನಿದ್ದೆ ಹತ್ತಿದ ಮಗುವನ್ನು ಎಬ್ಬಿಸಿ ಸೂಜಿ ಹಾಕಬೇಕು; ಆ ಮಗು ಮರಳಿ ಮಲಗುವಷ್ಟರಲ್ಲಿ ಮುಂದಿನ ಸರದಿ ಬಂದಿರುತ್ತಿತ್ತು. ಇದಕ್ಕೆ ಹಾಸಿಗೆ ಬೇಕು, ರಾತ್ರಿಪಾಳಿಯ ದಾದಿ ಬೇಕು, ಕುದಿಸಿದ ಸೂಜಿ ಬೇಕು, ತಂಪುಪೆಟ್ಟಿಗೆ ಬೇಕು. ಇಷ್ಟೂ ಇರುವ ಊರುಗಳು ಭೂಮಂಡಲದಲ್ಲಿ ಎಷ್ಟು?

ಇಂಥ ಸಮಸ್ಯೆ ವೈದ್ಯರಿಗೆ ತೀರ ಹೊಸತೇನೂ ಆಗಿರಲಿಲ್ಲ. ಟೊರಾಂಟೊ ನಗರದಲ್ಲಿ ೧೯೨೧-೨೨ರಲ್ಲಿ ದೊರೆತ ಇನ್ಸುಲಿನ್ ಮಧುಮೇಹಿಗಳ ಪ್ರಾಣ ಉಳಿಸಿತ್ತಾದರೂ ಅದರ ಬಲ ಕೆಲವೇ ಗಂಟೆಗಳಲ್ಲಿ ಇಂಗುತ್ತಿತ್ತು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಹಾಗೆಡಾರ್ನರು ಮೀನಿನ ವೀರ್ಯದಿಂದ ತೆಗೆದ ಪ್ರೋಟಮೀನ್ ಎಂಬ ಪದಾರ್ಥವನ್ನು ಅದರೊಡನೆ ಕೂಡಿಸಿ, ಚರ್ಮದಡಿಯಲ್ಲಿ ನಿಧಾನವಾಗಿ ಕರಗುವ ಇನ್ಸುಲಿನ್ನನ್ನು ೧೯೩೬ರಲ್ಲಿ ಪ್ರಕಟಿಸಿದರು. ಮದ್ದಿನ ಗುಣವನ್ನು ಕೆಡಿಸದೆ ಅದರ ಕರಗುವಿಕೆಯನ್ನು ಮಾತ್ರ ತಡೆಹಿಡಿಯುವುದು ಸಾಧ್ಯವೆಂದು ಹೀಗೆ ಮೊದಲೇ ಸಿದ್ಧವಾಗಿತ್ತು. ಪೆನಿಸಿಲಿನ್ನಿಗೆ ತಕ್ಕ ಜೊತೆಗಾರನನ್ನು ಹುಡುಕಬೇಕಾಗಿತ್ತು, ಅಷ್ಟೆ.

ಮೊದಲ ಜೊತೆಗಾರ ದೊರೆತುದು ಅಡುಗೆಮನೆಯಲ್ಲಿ! ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿದ್ದ ಮನ್ರೋ ರೊಮಾನ್ಸ್ಕಿ ಎಂಬ ವೈದ್ಯರು ೧೯೪೪ರಲ್ಲಿ ಪೆನಿಸಿಲಿನ್ನನ್ನು ಕಡಲೆಕಾಯಿ ಎಣ್ಣೆ ಮತ್ತು ಜೇನುಮೇಣಗಳಲ್ಲಿ ಕಲಸಿ ಸ್ನಾಯುವಿಗೆ ಚುಚ್ಚಿದರು. ಮೇಣಗೂಡಿದ ಎಣ್ಣೆ ಸ್ನಾಯುವಿನಲ್ಲಿ ಗಂಟಾಗಿ ನಿಂತು ಮದ್ದನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತಿತ್ತು. ಎಂಟು ಚುಚ್ಚುಗಳ ಬದಲಿಗೆ ದಿನಕ್ಕೊಂದು ಸಾಕಾಯಿತು. ನಮ್ಮ ಸೀಮೆಯ ಗಾಣಗಳಲ್ಲಿ ಇಳಿಯುವ ಎಣ್ಣೆ, ನಮ್ಮ ಕಾಡುಗಳ ಹುಟ್ಟಿಯಲ್ಲಿ ಸಿಗುವ ಮೇಣ, ಇವೆರಡೇ ಅಂದಿನ ನವನವೀನ ವಿಜ್ಞಾನವಾಗಿದ್ದುವೆಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಆದರೆ ಅದರ ಉಪದ್ರವವೂ ಕಡಮೆಯದಲ್ಲ. ಮದ್ದು ಪಾಕದಂತೆ ಮಂದವಾಗಿದ್ದುದರಿಂದ ಬಿಸಿಮಾಡದೆ ಸೂಜಿಯಲ್ಲಿ ಇಳಿಯದು. ಪಿಚಕಾರಿಯಲ್ಲಿ ಒಂದು ಹನಿ ನೀರಿದ್ದರೂ ಕಟ್ಟಿಕೊಳ್ಳುವುದು. ಚುಚ್ಚಿದ ಕಡೆ ನೋವು, ಗಂಟು.

ಮೂತ್ರಪಿಂಡದ ಬಾಗಿಲನ್ನೇ ಮುಚ್ಚುವ ಇನ್ನೊಂದು ಉಪಾಯವನ್ನೂ ಕೆಲವರು ಹಿಡಿದರು. ಪ್ರೊಬೆನೆಸಿಡ್ ಎಂಬ ಮಾತ್ರೆ ಆ ದಾರಿಯಲ್ಲಿ ಹುಟ್ಟಿದುದು. ಅದು ಕೆಲಸ ಮಾಡಿತು, ಈಗಲೂ ಕೆಲವೆಡೆ ಮಾಡುತ್ತಿದೆ. ಆದರೂ ಅದರಿಂದ ಗಂಟೆಗಳು ಹೆಚ್ಚಿದುವೇ ಹೊರತು ವಾರಗಳು ಹೆಚ್ಚಲಿಲ್ಲ.

ಫಲಿಸಿದ ದಾರಿ ರಸಾಯನಶಾಸ್ತ್ರದ್ದು. ಪೆನಿಸಿಲಿನ್ ಒಂದು ಆಮ್ಲ. ಆಮ್ಲವು ಪ್ರತ್ಯಾಮ್ಲದೊಡನೆ ಕೂಡಿ ಲವಣವಾಗುವುದೆಂಬುದನ್ನು ಪ್ರೌಢಶಾಲೆಯ ಹುಡುಗರೂ ಬಲ್ಲರು. ಸೋಡಿಯಮ್ಮಿನೊಡನೆ ಕೂಡಿದ ಪೆನಿಸಿಲಿನ್ ನೀರಿನಲ್ಲಿ ಅಡಿಗೆಯ ಉಪ್ಪಿನಂತೆ ತಟ್ಟನೆ ಕರಗುತ್ತದೆ. ಆ ಅವಸರವೇ ಅದರ ದೋಷ. ನೀರಿನಲ್ಲಿ ಬಹು ಕಷ್ಟದಿಂದ ಕರಗುವ ಲವಣವೊಂದು ದೊರೆತರೆ ಎಣ್ಣೆ ಮೇಣಗಳ ಹಂಗೇ ಇರದು. ೧೯೪೭-೪೮ರ ಹೊತ್ತಿಗೆ ಅಂಥದೊಂದು ದೊರೆಯಿತು. ಹಲ್ಲಿನ ವೈದ್ಯರು ಮರಗಟ್ಟಿಸಲು ಬಳಸುತ್ತಿದ್ದ ಪ್ರೊಕೇನ್ ಎಂಬುದೇ ಪೆನಿಸಿಲಿನ್ನಿನ ಸಂಗಾತಿಯಾಗಿ, ಮದ್ದನ್ನು ಒಂದು ದಿನ ನಿಲ್ಲಿಸಿತು. ಮೇಲಾಗಿ ಚುಚ್ಚಿದ ನೋವನ್ನೂ ಇಳಿಸಿತು. ಅದನ್ನೇ ಅಲ್ಯೂಮಿನಿಯಮ್ ಮಾನೊಸ್ಟಿಯರೇಟ್ ಬೆರೆತ ಎಣ್ಣೆಯಲ್ಲಿ ಕಲಸಿದಾಗ ಕೆಲವು ದಿನಗಳವರೆಗೆ ನಿಂತಿತು.

೧೯೫೧ರಲ್ಲಿ ಅಮೆರಿಕದ ವೈಯೆತ್ ಕಂಪೆನಿಯ ರಸಾಯನಜ್ಞರು ಬೆಂಜತೀನ್ ಪೆನಿಸಿಲಿನ್ನನ್ನು ಹೊರತಂದರು. ಬೆಂಜತೀನ್ ಎರಡು ಕೈಗಳುಳ್ಳ ಪ್ರತ್ಯಾಮ್ಲ. ಒಂದೊಂದು ಕೈಯಲ್ಲೂ ಒಂದೊಂದು ಪೆನಿಸಿಲಿನ್ ಅಣುವನ್ನು ಬಿಗಿಹಿಡಿದು ಕುಳಿತಿರುವ ಈ ಲವಣ ನೀರಿನಲ್ಲಿ ಕರಗಲು ಒಲ್ಲೆನೆನ್ನುತ್ತದೆ. ಪಿರ್ರೆಯ ಸ್ನಾಯುವಿನಲ್ಲಿ ಇದರ ಬಿಳಿಯ ಹರಳುಗಳನ್ನು ಇಳಿಸಿಬಿಟ್ಟರೆ, ಬಾಯಲ್ಲಿಟ್ಟ ಕಲ್ಲುಸಕ್ಕರೆಗಿಂತ ಸಾವಿರ ಪಾಲು ನಿಧಾನವಾಗಿ, ದಿನದಿನವೂ ಇಷ್ಟಿಷ್ಟೇ ಕರಗುತ್ತ ಹೋಗುತ್ತವೆ. ಕರಗಿದುದನ್ನು ಮೂತ್ರಪಿಂಡಗಳು ಎಂದಿನಂತೆ ಹೊರಹಾಕುತ್ತಲೇ ಇರುತ್ತವೆ. ಕೊಡದ ತೂತು ಮುಚ್ಚಿಲ್ಲ. ಆದರೆ ಮೇಲಿನಿಂದ ಧಾರೆ ಕಡಿಯದೆ ಬೀಳುತ್ತಿರುವುದರಿಂದ ತಳದಲ್ಲಿ ಒಂದಿಷ್ಟು ನೀರು ಸದಾ ನಿಲ್ಲುತ್ತದೆ. ೧೨ ಲಕ್ಷ ಯೂನಿಟ್ಟುಗಳ ಒಂದೇ ಚುಚ್ಚು ಮೂರರಿಂದ ನಾಲ್ಕು ವಾರ ಅಲ್ಪಸ್ವಲ್ಪವಾಗಿಯಾದರೂ ರಕ್ತದಲ್ಲಿ ಉಳಿಯಿತು. ಹತ್ತು ವರ್ಷಗಳ ಹಿಂದೆ ಆಕ್ಸ್‌ಫರ್ಡಿನಲ್ಲಿ ಮೂರು ಗಂಟೆ ನಿಲ್ಲದ ಪದಾರ್ಥವದು.

ಮಟ್ಟ ಅಲ್ಪವೆಂಬುದನ್ನು ಮರೆಯಬಾರದು. ಭಾರಿ ರೋಗಗಳಿಗೆ ಈ ಜಿನುಗು ಸಾಲದು; ಅವಕ್ಕೆ ಇಂದಿಗೂ ಕರಗುವ ಪೆನಿಸಿಲಿನ್ನನ್ನೇ ಗಂಟೆಗಂಟೆಗೆ ಕೊಡಬೇಕು. ಅಲ್ಪ ಮಟ್ಟಕ್ಕೂ ಮಣಿಯುವ, ಆದರೆ ಬಹುದಿನ ಬೆನ್ನುಹತ್ತಿದಲ್ಲದೆ ಸಾಯದ ಕ್ರಿಮಿಗಳ ಮೇಲೆ ಮಾತ್ರ ಇದು ರಾಮಬಾಣ. ಅಂಥ ಕ್ರಿಮಿಗಳಲ್ಲಿ ಒಂದು ಯಾಸ್ ರೋಗದ್ದು.

ಯಾಸ್ ಎಂಬುದು ಬಿಸಿಲೂ ತೇವವೂ ಕೂಡಿದ ನಾಡುಗಳ ಬಡಮಕ್ಕಳ ರೋಗ. ಮೈಗೆ ಮೈ ಸೋಕಿದರೆ ಹರಡುತ್ತದೆ. ಮೊದಲು ಚರ್ಮದ ಮೇಲೆ ಹುಣ್ಣು. ಬಿಟ್ಟರೆ ವರ್ಷಗಳ ಮೇಲೆ ಎಲುಬು ಬಾಗುತ್ತದೆ, ಅಂಗಾಲು ಬಿರಿಯುತ್ತದೆ, ಮೂಗು ಕರಗಿಹೋಗುವುದೂ ಉಂಟು. ಕೊಲ್ಲುವುದಿಲ್ಲ, ಕುಂಟಾಗಿಸಿ ಬಿಡುತ್ತದೆ. ಇದರ ಕ್ರಿಮಿ ಬಹು ನಿಧಾನವಾಗಿ, ಒಂದು ದಿನಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡು ಎರಡಾಗುವಂಥದು. ಆದುದರಿಂದ ಮದ್ದು ದಿನಗಟ್ಟಲೆ ಕಾದು ಕೂಡಬೇಕು. ಹಿಂದೆ ವಾರವಾರವೂ ಪಾಷಾಣದ ಮದ್ದನ್ನು ಚುಚ್ಚುತ್ತಿದ್ದರು. ಹುಣ್ಣು ಒಣಗಿದೊಡನೆ ರೋಗಿ ಮತ್ತೆ ಬರುತ್ತಿರಲಿಲ್ಲ. ರಸ್ತೆ ಮುಗಿದಲ್ಲಿಂದ ಯಾಸ್ ಆರಂಭವೆಂಬ ಮಾತು ಆರೋಗ್ಯ ಕಾರ್ಯಕರ್ತರಲ್ಲಿತ್ತು.

ನಿಧಾನದ ಪೆನಿಸಿಲಿನ್ ಬಂದ ಮೇಲೆ ರಸ್ತೆ ಮುಗಿದಲ್ಲಿಂದ ನಡೆದುಕೊಂಡೇ ಹೋಗಬಹುದಾಯಿತು. ಏಕೆಂದರೆ ಒಮ್ಮೆ ಹೋದರೆ ಸಾಕಾಗಿತ್ತು. ೧೯೫೦ರಲ್ಲಿ ಹೈತಿಯಲ್ಲಿಯೂ ಇಂಡೊನೇಷ್ಯದಲ್ಲಿಯೂ ಕೆಲಸ ಮೊದಲಾಯಿತು. ೧೯೫೨ರಿಂದ ೧೯೬೪ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯೂ ಯೂನಿಸೆಫೂ ೪೬ ದೇಶಗಳಲ್ಲಿ ಸುಮಾರು ೩೦ ಕೋಟಿ ಜನರನ್ನು ಪರೀಕ್ಷಿಸಿ, ೫ ಕೋಟಿ ಜನರಿಗೆ ಚಿಕಿತ್ಸೆ ಮಾಡಿಸಿದುವು. ತಂಡವೊಂದು ಹಳ್ಳಿಗೆ ಹೋಗುವುದು, ಪ್ರತಿಯೊಬ್ಬನ ಮೈಯನ್ನೂ ನೋಡುವುದು, ರೋಗಿಗಳಿಗೂ ಅವರೊಡನಾಡಿದವರಿಗೂ ಒಂದೊಂದು ಸೂಜಿ ಹಾಕುವುದು, ಮುಂದಿನ ಹಳ್ಳಿಗೆ ನಡೆಯುವುದು. ರೋಗ ನೂರಕ್ಕೆ ೯೫ ಪಾಲು ಇಳಿಯಿತು. ಉಳಿದ ಐದು ಪಾಲನ್ನು ಆಯಾ ದೇಶದ ಸಾಮಾನ್ಯ ಆಸ್ಪತ್ರೆಗಳು ನೋಡಿಕೊಳ್ಳುವುವೆಂದು ಬಗೆದು ತಂಡಗಳನ್ನು ವಿಸರ್ಜಿಸಿದರು. ಅದೇ ತಪ್ಪಾಯಿತು, ೧೯೭೦ರ ದಶಕದಲ್ಲಿ ಹಲವೆಡೆ ಯಾಸ್ ಮತ್ತೆ ತಲೆಯೆತ್ತಿತು.

ನಮ್ಮ ದೇಶದಲ್ಲಿ ಯಾಸ್ ಬಾಧೆ ಮುಖ್ಯವಾಗಿ ಮಧ್ಯ ಮತ್ತು ಪೂರ್ವ ಭಾಗದ ಗಿರಿಜನರಲ್ಲಿತ್ತು. ೧೯೯೬ರಲ್ಲಿ ಒಡಿಶಾದ ಕೊರಾಪುಟ್ ಜಿಲ್ಲೆಯಲ್ಲಿ ನಿರ್ಮೂಲನ ಕಾರ್ಯ ಆರಂಭವಾಗಿ ಇತರ ರಾಜ್ಯಗಳಿಗೂ ಹಬ್ಬಿತು. ಇಲ್ಲಿಯೂ ಸಾಧನ ಅದೇ ಬೆಂಜತೀನ್ ಪೆನಿಸಿಲಿನ್ನಿನ ಒಂದು ಚುಚ್ಚು. ೨೦೦೩ರ ತರುವಾಯ ಹೊಸ ರೋಗಿ ಕಾಣಲಿಲ್ಲ. ೨೦೧೬ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಯಾಸ್ ಇಲ್ಲದ ದೇಶವೆಂದು ಒಪ್ಪಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ಗಳ ನೆರವಿನಿಂದ ಪುಣೆಯ ಬಳಿಯ ಪಿಂಪ್ರಿಯಲ್ಲಿ ೧೯೫೪ರಲ್ಲಿ ಹುಟ್ಟಿದ ಹಿಂದುಸ್ತಾನ್ ಆಂಟಿಬಯೊಟಿಕ್ಸ್ ಕಾರ್ಖಾನೆಯಿಂದ ಮರುವರ್ಷವೇ ಪೆನಿಸಿಲಿನ್ ಹೊರಬರತೊಡಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಈಗ ಯಾಸ್ ಉಳಿದಿರುವ ದೇಶಗಳಲ್ಲಿ ಅಜಿತ್ರೊಮೈಸಿನ್ ಮಾತ್ರೆಯನ್ನು ಒಂದೇ ಸಲ ನುಂಗಿಸುತ್ತಾರೆ. ಅದು ಒಂದೇ ಸಲಕ್ಕೆ ಸಾಕಾಗುವುದಕ್ಕೂ, ಮೈಯ ಕಣಗಳಲ್ಲಿ ಸೇರಿಕೊಂಡು ಬಹುದಿನ ಉಳಿಯುವ ಅದರ ಸ್ವಭಾವವೇ ಕಾರಣ.

ಯಾಸ್ ದೂರದ ಕಾಡಿನ ಮಾತಾದರೆ, ಇನ್ನೊಂದು ರೋಗ ನಮ್ಮ ತರಗತಿಗಳ ಬೆಂಚಿನ ಮೇಲೆಯೇ ಕುಳಿತಿದೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಕ್ರಿಮಿಯಿಂದ ಗಂಟಲುನೋವು ಬರುವುದು ಸಾಮಾನ್ಯ. ಬಂದವರಲ್ಲಿ ಕೆಲವರಿಗೆ ಎರಡು ಮೂರು ವಾರಗಳ ಮೇಲೆ ಜ್ವರವೂ ಕೀಲುಬಾವೂ ಕಾಣಿಸಿಕೊಳ್ಳುತ್ತವೆ. ಕ್ರಿಮಿಯನ್ನು ಎದುರಿಸಲೆಂದು ಎದ್ದ ದೇಹದ ಸೈನ್ಯ ತನ್ನದೇ ಹೃದಯದ ಕವಾಟಗಳನ್ನು ಹಗೆಯೆಂದು ಭ್ರಮಿಸಿ ಹೊಡೆಯುತ್ತದೆ. ಇದನ್ನೇ ವೈದ್ಯರು ರುಮ್ಯಾಟಿಕ್ ಜ್ವರವೆನ್ನುವರು. ಕೀಲಿನ ಬಾವು ಇಳಿದು ಹೋಗುತ್ತದೆ. ಕವಾಟದ ಗಾಯ ಉಳಿಯುತ್ತದೆ. ಪ್ರತಿಯೊಂದು ಹೊಸ ಗಂಟಲುನೋವೂ ಆ ಗಾಯವನ್ನು ಇನ್ನಷ್ಟು ಆಳ ಮಾಡುತ್ತದೆ. ಆದುದರಿಂದ ಒಮ್ಮೆ ಈ ಜ್ವರ ಬಂದ ಮಗುವಿಗೆ ವರ್ಷಗಟ್ಟಲೆ ಗಂಟಲುನೋವೇ ಬಾರದಂತೆ ಕಾಯಬೇಕು. ದಿನವೂ ಮಾತ್ರೆ ಕೊಡಬಹುದು. ಆದರೆ ಮೈಯಲ್ಲಿ ಏನೂ ನೋವಿಲ್ಲದೆ ಆಡುತ್ತಿರುವ ಮಗು ಹತ್ತು ವರ್ಷ ದಿನ ತಪ್ಪದೆ ಮಾತ್ರೆ ನುಂಗುವುದೆಂದು ನಂಬಬಲ್ಲ ತಾಯಿ ಯಾರು? ೧೯೫೨ರಲ್ಲಿ ಜೀನ್ ಸ್ಟೊಲರ್ಮನ್ನರು ನ್ಯೂಯಾರ್ಕಿನ ಅರ್ವಿಂಗ್ಟನ್ ಹೌಸ್ ಎಂಬ ಮಕ್ಕಳ ಆರೈಕೆಮನೆಯಲ್ಲಿ ಬೆಂಜತೀನ್ ಪೆನಿಸಿಲಿನ್ನನ್ನು ತಿಂಗಳಿಗೊಮ್ಮೆ ಕೊಟ್ಟು ಆ ಕ್ರಿಮಿಯನ್ನು ದೂರವಿಡಬಹುದೆಂದು ತೋರಿಸಿದರು. ಮಾತ್ರೆಗೂ ಚುಚ್ಚಿಗೂ ಹೋಲಿಸಿ ನೋಡಿದವರೆಲ್ಲ ಚುಚ್ಚೇ ಮೇಲೆಂದು ಕಂಡರು. ಎಪ್ಪತ್ತು ವರ್ಷಗಳು ಕಳೆದರೂ ಆ ಗಂಟಲಿನ ಕ್ರಿಮಿ ಪೆನಿಸಿಲಿನ್ನನ್ನು ಜಯಿಸುವ ವಿದ್ಯೆ ಕಲಿತಿಲ್ಲವೆಂಬುದು ನಮ್ಮ ಭಾಗ್ಯ.

ದೋಷಗಳಿಲ್ಲದಿಲ್ಲ. ಮಂದವಾದ ಬಿಳಿಯ ಮದ್ದು, ದಪ್ಪ ಸೂಜಿ, ಆಳವಾದ ಚುಚ್ಚು. ನೋವು ಒಂದೆರಡು ದಿನ ಇರುತ್ತದೆ. ಪೆನಿಸಿಲಿನ್ ಒಗ್ಗದ ಕೆಲವರಲ್ಲಿ ಅಪಾಯ ತಟ್ಟನೆ ಒದಗಬಹುದು. ನುಂಗಿದ ಮಾತ್ರೆಯನ್ನು ನಾಳೆ ನಿಲ್ಲಿಸಬಹುದು, ಸ್ನಾಯುವಿನಲ್ಲಿ ಹೂಳಿದ ಹರಳನ್ನು ಮರಳಿ ತೆಗೆಯುವಂತಿಲ್ಲ. ಇದರ ಅಂಜಿಕೆಯಿಂದ ಈ ಚುಚ್ಚನ್ನೇ ತೊರೆದಿರುವ ವೈದ್ಯರೂ ಉಂಟು. ನಾಲ್ಕನೆಯ ವಾರದಲ್ಲಿ ರಕ್ತದ ಮಟ್ಟ ಬಹಳ ಇಳಿಯುವುದರಿಂದ ಭಾರತದಂಥ ದೇಶಗಳಲ್ಲಿ ಮೂರು ವಾರಕ್ಕೊಮ್ಮೆ ಕೊಡುವುದು ರೂಢಿ. ಇವೆಲ್ಲಕ್ಕಿಂತ ನಮಗೆ ವಿಷಾದಕರವಾಗಿ ತೋರುವುದು ಬೇರೆ. ಹಕ್ಕುಪತ್ರವಿಲ್ಲದ, ಬೆಲೆ ತೀರ ಅಗ್ಗವಾದ ಈ ಮದ್ದನ್ನು ಮಾಡುವುದರಲ್ಲಿ ಲಾಭ ಸಾಲದೆಂದು ಒಂದೊಂದೇ ಕಂಪೆನಿ ಕೈಬಿಟ್ಟು, ಮೂಲದ್ರವ್ಯವನ್ನು ತಯಾರಿಸುವವರು ಬೆರಳೆಣಿಕೆಗೆ ಇಳಿದರು. ೨೦೧೪ರಿಂದ ೨೦೧೬ರವರೆಗೆ ಹತ್ತಾರು ದೇಶಗಳಲ್ಲಿ ಅದು ದೊರೆಯದೆ ಹೋಯಿತು. ಆಕ್ಸ್‌ಫರ್ಡಿನ ಅಭಾವಕ್ಕೆ ವಿದ್ಯೆಯ ಕೊರತೆ ಕಾರಣವಾಗಿತ್ತು. ಈ ಅಭಾವಕ್ಕೆ ಅಂಥ ನೆಪವೂ ಇರಲಿಲ್ಲ.

ಈಚೆಗೆ ಉಗಾಂಡ ದೇಶದಲ್ಲಿ ನಡೆದ ಪರೀಕ್ಷೆಯೊಂದರ ಫಲ ೨೦೨೨ರಲ್ಲಿ ಪ್ರಕಟವಾಯಿತು. ೫ರಿಂದ ೧೭ ವರ್ಷದ ಮಕ್ಕಳ ಹೃದಯಗಳನ್ನು ಶಬ್ದತರಂಗದ ಯಂತ್ರದಿಂದ ನೋಡಿ, ಹೊರಗೆ ಯಾವ ಲಕ್ಷಣವೂ ಇಲ್ಲದೆ ಕವಾಟದಲ್ಲಿ ಮಾತ್ರ ರೋಗದ ಮೊದಲ ಗುರುತು ಕಂಡ ೮೧೮ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ೨೮ ದಿನಕ್ಕೊಮ್ಮೆ ಬೆಂಜತೀನ್ ಪೆನಿಸಿಲಿನ್, ಇನ್ನೊಂದಕ್ಕೆ ಇಲ್ಲ. ಎರಡು ವರ್ಷ ಕಳೆದ ಮೇಲೆ ಚುಚ್ಚಿಲ್ಲದ ಗುಂಪಿನಲ್ಲಿ ೩೩ ಮಕ್ಕಳ ಕವಾಟರೋಗ ಬೆಳೆದಿತ್ತು. ಚುಚ್ಚಿದ್ದ ಗುಂಪಿನಲ್ಲಿ ಮೂವರದು ಮಾತ್ರ. ಆ ಮೂವತ್ತಮೂವರೂ ಪರೀಕ್ಷೆ ಆರಂಭವಾದ ದಿನ ಹೊರನೋಟಕ್ಕೆ ತಮ್ಮ ಸಹಪಾಠಿಗಳಂತೆಯೇ ಇದ್ದ ಮಕ್ಕಳು.

ಮೂರು ವಾರಗಳ ಅಂತರವನ್ನು ಇನ್ನೂ ಹಿಗ್ಗಿಸುವ ಯತ್ನ ಆಸ್ಟ್ರೇಲಿಯ ನ್ಯೂಜಿಲೆಂಡುಗಳಲ್ಲಿ ನಡೆಯುತ್ತಿದೆ. ಅದೇ ೧೯೫೧ರ ಲವಣವನ್ನು ಹೆಚ್ಚು ಪ್ರಮಾಣದಲ್ಲಿ, ಸ್ನಾಯುವಿಗಲ್ಲದೆ ಚರ್ಮದಡಿಯ ಕೊಬ್ಬಿಗೆ ಮೆಲ್ಲನೆ ಹಾಯಿಸಿ, ತಿಂಗಳುಗಟ್ಟಲೆ ನಿಲ್ಲುವುದೇ ಎಂದು ನೋಡುತ್ತಿದ್ದಾರೆ. ಅಲ್ಲಿ ಕರಗುವಿಕೆ ಸ್ನಾಯುವಿಗಿಂತಲೂ ನಿಧಾನವೆಂದು ಮೊದಲ ಫಲಗಳಿಂದ ತಿಳಿದುಬಂದಿದೆ.